ನಾಟೌಟ್ ಮಾಸ್ತರ

ಭಾಲ್ಕಿಯ ಕ್ರಿಕೆಟ್ ಹುಡುಗರು ಮಚ್ಛೇಂದ್ರನಿಗೆ ಎದುರಿಗೆ ಸರ್ ಎನ್ನುತ್ತಾರೆ, ಬೆನ್ನ ಹಿಂದೆ ‘ನಾಟೌಟ್ ಮಾಸ್ತರ’ ಎನ್ನುತ್ತಾರೆ. ಒಂಬತ್ತು ವರ್ಷಗಳಿಂದ ಅವನು ಒಬ್ಬನಿಗೂ ಎಲ್‌ಬಿಡಬ್ಲ್ಯೂ ಕೊಟ್ಟಿಲ್ಲ. ಚೆಂಡು ನಟ್ಟನಡುವಿನ ಸ್ಟಂಪಿನ ಮುಂದೆಯೇ ಕಾಲಿಗೆ ಬಡಿಯಲಿ, ಬೌಲರು ಮೊಣಕಾಲೂರಿ ಗಂಟಲು ಹರಿಯುವಂತೆ ಕೂಗಲಿ, ಅವನು ತಲೆ ಅಲ್ಲಾಡಿಸಿ ಆಚೆ ನೋಡುತ್ತಾನೆ. ಇದರ ಕಾರಣ ಇಡೀ ಜಿಲ್ಲೆಯಲ್ಲಿ ನನ್ನೊಬ್ಬನಿಗೆ ಗೊತ್ತು ಎಂದು ನಾನು ಬೀಗುತ್ತಿದ್ದೆ. ನನಗೆ ಗೊತ್ತಿದ್ದದ್ದು ಅರ್ಧ ಮಾತ್ರ ಎಂದು ಕಳೆದ ಜನವರಿಯಲ್ಲಿ ತಿಳಿಯಿತು.

ಮೊದಲು ನಾವಿಬ್ಬರು ಯಾರು ಎಂದು ಹೇಳಿಬಿಡುತ್ತೇನೆ. ನಾನು ನಂದಕುಮಾರ, ಭಾಲ್ಕಿಯ ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಠಸ್ಸೆ ಹೊಡೆದು ನಿವೃತ್ತನಾದವನು. ರವಿವಾರ ಬಂದರೆ ಮೈದಾನದಲ್ಲಿ ಮೇಜು ಹಾಕಿಕೊಂಡು ಸ್ಕೋರ್ ಬರೆಯುವುದು ನನ್ನ ಚಟ. ಇದಕ್ಕಿಂತ ಗುಟ್ಕಾ ತಿಂದಿದ್ದರೆ ಮನೆಯಲ್ಲಾದರೂ ಇರುತ್ತಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮಚ್ಛೇಂದ್ರ ನನ್ನ ಕಾಲೇಜಿನ ಗೆಳೆಯ, ಖಟಕ ಚಿಂಚೋಳಿಯ ದಲಿತ ಬೌದ್ಧ ಮನೆತನದವನು, ಭಾಲ್ಕಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಅಂಪೈರಿನ ಪರೀಕ್ಷೆಯ ಪುಸ್ತಕವನ್ನು ಚಿಂಚೋಳಿಯ ಬಸ್ಸಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡಿ ಮೊದಲ ಸಲಕ್ಕೇ ಪಾಸಾದ. ನಮ್ಮ ತಾಲ್ಲೂಕಿನಲ್ಲಿ ಅವನಿಗಿಂತ ಮೊದಲು ಯಾರೂ ಆ ಪರೀಕ್ಷೆಗೆ ಕೂತಿರಲೂ ಇಲ್ಲ. ಒಂದು ಕಾಲಕ್ಕೆ ಅವನ ಅಪ್ಪ ಊರ ಪಟೇಲರ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು. ಮಗ ಬಿಳಿ ಕೋಟು ಹಾಕಿ ಬೆರಳು ಎತ್ತಿದರೆ ಅದೇ ಪಟೇಲರ ಮೊಮ್ಮಗ ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ತೆಪ್ಪಗೆ ಹೊರಗೆ ನಡೆಯುತ್ತಿದ್ದ. ಆ ಬೆರಳಿಗೆ ಎಷ್ಟು ತೂಕ ಎನ್ನುವುದು ಮಚ್ಛೇಂದ್ರನಿಗೆ ಗೊತ್ತಿತ್ತು. ಅದಕ್ಕೇ ಅವನು ನಿಧಾನ ಎತ್ತುತ್ತಿದ್ದ.

ಕ್ರಿಕೆಟ್ ಗೊತ್ತಿಲ್ಲದವರಿಗಾಗಿ ಒಂದು ಮಾತು. ಸ್ಟಂಪಿಗೆ ಹೋಗಿ ಬಡಿಯಬೇಕಾಗಿದ್ದ ಚೆಂಡನ್ನು ಬ್ಯಾಟ್ಸ್‌ಮನ್ ಬ್ಯಾಟಿನಿಂದ ಅಲ್ಲದೆ ಕಾಲಿನಿಂದ ತಡೆದರೆ ಅವನು ಔಟು. ಅದೇ ಎಲ್‌ಬಿಡಬ್ಲ್ಯೂ. ಆದರೆ ಕಾಲಿಗೆ ಬಡಿದ ಚೆಂಡು ಅಲ್ಲಿಗೇ ನಿಂತಿತು. ತಡೆಯದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಕಂಡವರು ಯಾರೂ ಇಲ್ಲ. ಅಂಪೈರು ಅದನ್ನು ಮನಸ್ಸಿನಲ್ಲೇ ಕಾಣಬೇಕು. ನಡೆದದ್ದಕ್ಕೆ ನ್ಯಾಯ ಹೇಳುವುದೇ ಕಷ್ಟ, ಇದು ನಡೆಯದೇ ಹೋದದ್ದಕ್ಕೆ ಹೇಳುವ ನ್ಯಾಯ.

ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕಿದೆ. ಇಲ್ಲಿ ಹುಲ್ಲಿನ ಪಿಚ್ಚು ಇಲ್ಲ. ಕೆಂಪು ಗಟ್ಟಿ ನೆಲದ ಮೇಲೆ ನಾರಿನ ಮ್ಯಾಟು ಹಾಸಿ, ಸುತ್ತ ಕಬ್ಬಿಣದ ಮೊಳೆ ಹೊಡೆದು ಆಡುತ್ತಾರೆ. ಮಾಘ ಮಾಸ ಬಂತೆಂದರೆ ನೆಲ ಒಣಗಿ ಮೊಳೆಯನ್ನು ಹಿಡಿಯುವುದಿಲ್ಲ, ಬೌಲರು ಓಡಿ ಬಂದು ಕಾಲೂರಿದರೆ ಮೂಲೆಯ ಮೊಳೆ ಎದ್ದು ಬರುತ್ತದೆ. ಹಾಗಾಗಿ ಬೀದರ ಜಿಲ್ಲೆಯ ಅಂಪೈರುಗಳೆಲ್ಲ ಮ್ಯಾಟಿನ ಮೂಲೆಯನ್ನು ಬೂಟಿನಿಂದ ಒತ್ತಿ ಹಿಡಿದು ನಿಲ್ಲುತ್ತಾರೆ. ಯಾವ ಪುಸ್ತಕದಲ್ಲೂ ಇದು ಬರೆದಿಲ್ಲ. ಹೊರಗಿನಿಂದ ಬಂದ ಅಂಪೈರುಗಳು ನೋಡಿ ನಗುತ್ತಾರೆ, ಎರಡು ಓವರ್ ಆದಮೇಲೆ ತಾವೂ ಒತ್ತುತ್ತಾರೆ.

2011ರ ಫೆಬ್ರುವರಿಯಲ್ಲಿ ಬೀದರಿನ ಮೈದಾನದಲ್ಲಿ ಬೀದರಿಗೂ ಭಾಲ್ಕಿಗೂ ಪಂದ್ಯ. ವಲಯದ ತಂಡಕ್ಕೆ ಹುಡುಗರನ್ನು ಆರಿಸಲು ಹೊರಗಿನಿಂದ ಮೂವರು ಬಂದು ಶಾಮಿಯಾನದ ಕೆಳಗೆ ಕೂತಿದ್ದರು. ಬೀದರಿನ ಕಡೆಯಿಂದ ರಿಜ್ವಾನ ಎಂಬ ಹತ್ತೊಂಬತ್ತರ ಹುಡುಗ ಆಡುತ್ತಿದ್ದ. ತಂದೆ ಇಲ್ಲ. ತಾಯಿ ಹಮೀದುನ್ನಿಸಾ ಊರ ನಡುವಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಆಟೋಗಳಿಗೆ ರೆಕ್ಸಿನ್ ಸೀಟಿನ ಕವರು ಹೊಲಿದು ಮನೆ ನಡೆಸುತ್ತಿದ್ದಳು. ಎಡಗಾಲಿನ ಪ್ಯಾಡು ಹರಿದಿತ್ತು, ಅದಕ್ಕೆ ತಾಯಿಯೇ ಹಸಿರು ರೆಕ್ಸಿನ್ ತೇಪೆ ಹಾಕಿದ್ದಳು. ನಲವತ್ತೊಂದು ರನ್ ಹೊಡೆದು ನಿಂತಿದ್ದ. ಆರಿಸುವವರಲ್ಲಿ ಒಬ್ಬರು ಎದ್ದು ನನ್ನ ಮೇಜಿಗೆ ಬಂದು ಹುಡುಗನ ಹೆಸರಿನ ಕಾಗುಣಿತ ಕೇಳಿಕೊಂಡು ಹೋದರು. ಅದರ ಮುಂದಿನ ಓವರಿನಲ್ಲಿ ಚೆಂಡು ಆ ಹಸಿರು ತೇಪೆಗೆ ಬಡಿಯಿತು. ಭಾಲ್ಕಿಯ ಹನ್ನೊಂದೂ ಜನ ಒಟ್ಟಿಗೆ ಕೂಗಿದರು. ಮಚ್ಛೇಂದ್ರ ಬೆರಳು ಎತ್ತಿದ.

ರಿಜ್ವಾನ ಹೋಗಲಿಲ್ಲ. ಜಗಳವಾಡಲಿಲ್ಲ, ಬ್ಯಾಟು ಬಿಸಾಕಲಿಲ್ಲ, ಸುಮ್ಮನೆ ನಿಂತು ಮಚ್ಛೇಂದ್ರನ ಮುಖ ನೋಡಿದ. ನಾನು ಪುಸ್ತಕದಲ್ಲಿ ಎಲ್‌ಬಿಡಬ್ಲ್ಯೂ ಎಂದು ಬರೆದು ತಲೆ ಎತ್ತಿದಾಗಲೂ ನೋಡುತ್ತಲೇ ಇದ್ದ. ಆಮೇಲೆ ನಡೆದ. ಸಂಜೆ ಪಟ್ಟಿ ಓದಿದರು, ಅದರಲ್ಲಿ ಅವನ ಹೆಸರು ಇರಲಿಲ್ಲ. ಅರ್ಧ ಶತಕ ಹೊಡೆದ ಬೇರೊಬ್ಬನ ಹೆಸರಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುವರ್ಷ ರಿಜ್ವಾನ ಬೀದರಿನ ಪಕ್ಕದ ಕೊಳಾರದ ಗೋದಾಮೊಂದರಲ್ಲಿ ಚೀಲ ಹೊರುವ ಕೆಲಸಕ್ಕೆ ಸೇರಿದ.

2014ರ ಡಿಸೆಂಬರಿನಲ್ಲಿ, ಔರಾದಿನಲ್ಲಿ ಟೆನಿಸ್ ಬಾಲ್ ಪಂದ್ಯ ಆಡಿ ಬೀದರಿಗೆ ಮರಳುತ್ತಿದ್ದ ರಿಜ್ವಾನನ ಬೈಕು ಹೊತ್ತು ಮುಳುಗುವ ಸಮಯದಲ್ಲಿ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಬಡಿಯಿತು. ಹುಡುಗ ಅಲ್ಲೇ ಹೋದ. ನಾನೂ ಮಚ್ಛೇಂದ್ರನೂ ಮೂರನೆಯ ದಿನ ಮನೆಗೆ ಹೋದೆವು. ಹೋಗಬೇಕೆಂದು ಹಟ ಹಿಡಿದವನು ಅವನೇ. ಒಳಗೆ ಹೆಂಗಸರ ನಡುವೆ ಕೂತಿದ್ದ ಹಮೀದುನ್ನಿಸಾ ನಮ್ಮನ್ನು ಕಂಡು ಎದ್ದು ಬಾಗಿಲ ಪರದೆಯ ತನಕ ಬಂದಳು.

“ಮಾಸ್ತರ, ನನ್ನ ಮಗಾ ಆ ದಿನಾ ಮನಿಗಿ ಬಂದು ಉಣ್ಲಿಲ್ರಿ,” ಎಂದಳು. “ಅಮ್ಮೀ, ನಾ ಔಟ್ ಇರಲಿಲ್ಲ ಅಂದ. ಖರೇ ಹೇಳ್ರಿ. ಔಟ್ ಇದ್ದನೇನ್ರಿ ಅವ?”

“ಇದ್ದ ಆಪಾ,” ಎಂದ ಮಚ್ಛೇಂದ್ರ, ಅಕ್ಕನನ್ನು ಕರೆಯುವಂತೆ. ಹಾಗೆಂದವನೇ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಗಲ್ಲಿ ದಾಟಿ ಹೋಗಿಬಿಟ್ಟ. ಆಮೇಲೆ ಆ ಮನೆಯ ಕಡೆ ತಲೆ ಹಾಕಲಿಲ್ಲ. ಬೀದರಿಗೆ ಹೋದರೆ ಚೌಬಾರಾ ತಪ್ಪಿಸಿ ಸುತ್ತುಹಾದಿಯಲ್ಲಿ ಹೋಗುತ್ತಿದ್ದ.

ಇದಾಗಿ ಮೂರು ವಾರಕ್ಕೆ ಭಾಲ್ಕಿಯಲ್ಲಿ ಒಂದು ಪಂದ್ಯ. ಕಾಲಿಗೆ ಚೆಂಡು ಬಡಿದು ಬೌಲರು ಕೂಗಿದ. ಮಚ್ಛೇಂದ್ರನ ಕೈ ಅರ್ಧ ಎದ್ದು ನಿಂತಿತು. ಚಹಾದ ವೇಳೆಗೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದ: “ನಂದ್ಯಾ, ಅಲ್ಲಿ ಅವ ನಿಂತಿದ್ದ. ಹಸಿರು ತ್ಯಾಪಿ ಕಾಣ್ತು.”

ನಾನು ಬೈದೆ. “ದೆವ್ವ ಇಲ್ಲ, ದೇವ್ರಿಲ್ಲ ಅಂತ ಭಾಷಣ ಮಾಡಂವ ನೀ. ನಿನಗ ದೆವ್ವ ಕಾಣ್ತದೇನೋ?”

“ದೆವ್ವ ಅಂದ್ನೇನು ನಾ? ಅವ ನಿಂತಿದ್ದ ಅಂದೆ.”

ಅವನು ಹೇಳಿದ್ದು ಇಷ್ಟು. ಬೇರೆ ಹೊತ್ತಿನಲ್ಲಿ ಏನೂ ಇಲ್ಲ. ಎಲ್‌ಬಿಡಬ್ಲ್ಯೂ ಕೇಳಿ ಕೂಗು ಎದ್ದರೆ ಸಾಕು, ಬ್ಯಾಟು ಹಿಡಿದವನು ಯಾರೇ ಆಗಿರಲಿ ಅವನ ಜಾಗದಲ್ಲಿ ರಿಜ್ವಾನ ನಿಂತಿರುತ್ತಾನೆ. ಬೈಯುವುದಿಲ್ಲ, ಅಳುವುದಿಲ್ಲ. ಆ ದಿನ ನೋಡಿದ ಹಾಗೆಯೇ ನೋಡುತ್ತಾನೆ. ಮಚ್ಛೇಂದ್ರ ನಾಟೌಟ್ ಎಂದು ತಲೆ ಅಲ್ಲಾಡಿಸಿದ ಮೇಲೆ ಕಾಣದಾಗುತ್ತಾನೆ. “ನಾಟೌಟ್ ಅಂದ್ರ ಹೋಗ್ತಾನ” ಎಂದು ಅವನು ಹೇಳಿದ ರೀತಿಗೆ ಆ ಮಧ್ಯಾಹ್ನದ ಬಿಸಿಲಿನಲ್ಲೂ ನನ್ನ ತೋಳಿನ ಕೂದಲು ನಿಂತವು. ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಅವತ್ತೂ ಬಂತು. ಎರಡು ವಾರ ಅವನೊಡನೆ ಮಾತು ಬಿಟ್ಟೆ.

ಹೀಗೆ ಒಂಬತ್ತು ವರ್ಷ. ಬ್ಯಾಟ್ಸ್‌ಮನ್ನುಗಳು ದಡ್ಡರಲ್ಲ. ಹುಚ್ಚಮುಂಡೆ ಮದುವೆಯಲ್ಲಿ ಉಂಡವನೇ ಜಾಣ. ಮಚ್ಛೇಂದ್ರ ನಿಂತ ಕಡೆಯಿಂದ ಚೆಂಡು ಬಂದರೆ ಬ್ಯಾಟು ಎತ್ತಿ ಹಿಂದೆ ಇಟ್ಟುಕೊಂಡು ಕಾಲು ಮುಂದೆ ಚಾಚುವುದನ್ನು ಕಲಿತರು. ನಮ್ಮ ತಾಲ್ಲೂಕಿನಲ್ಲಿ ಒಂದು ಪೀಳಿಗೆಯೇ ಕಾಲಿನಿಂದ ಬ್ಯಾಟಿಂಗ್ ಮಾಡುತ್ತ ಬೆಳೆಯಿತು. ಒಮ್ಮೆ ಹುಡುಗರ ತಂಡ ಹೊರಜಿಲ್ಲೆಗೆ ಹೋಗಿ ಒಂದೇ ಇನ್ನಿಂಗ್ಸಿನಲ್ಲಿ ಏಳು ಎಲ್‌ಬಿಡಬ್ಲ್ಯೂ ಆಗಿ ಊಟಕ್ಕೆ ಮೊದಲೇ ಬಸ್ಸು ಹತ್ತಿ ಬಂತು. ಬೌಲರುಗಳಂತೂ ಮಚ್ಛೇಂದ್ರನ ಹೆಸರು ಹೇಳಿದರೆ ಉಗುಳುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆ ಬಿಳಿ ಕೋಟು ಕಂಡರೆ ಎದ್ದು ನಿಲ್ಲುತ್ತಿದ್ದ ಜನ ಸೀಟಿ ಹೊಡೆಯತೊಡಗಿದರು. ಬಿಟ್ಟುಬಿಡು ಎಂದು ನಾನು ಎಷ್ಟೋ ಸಲ ಹೇಳಿದೆ. “ಬಿಟ್ರ ಅವ ಎಲ್ಲಿಗಿ ಹೋಗ್ತಾನ, ನನ್ನ ಮನಿಗೇ ಬಂದ್ರ?” ಎನ್ನುತ್ತಿದ್ದ.

ಕಳೆದ ಜನವರಿಯಲ್ಲಿ ಭಾಲ್ಕಿಯ ಪಂದ್ಯಾವಳಿಗೆ ಯಂತ್ರ ಬಂತು. ತಂದವಳು ಪೂನಮ. ಔರಾದಿನಲ್ಲಿ ಮದುವೆ ವಿಡಿಯೊ ತೆಗೆಯುವ ಕೈಲಾಶನ ಮಗಳು, ಮೂವತ್ತರ ಹೆಂಗಸು, ಕ್ರಿಕೆಟ್ ಪಂದ್ಯಗಳನ್ನು ಮೊಬೈಲಿಗೆ ನೇರ ಪ್ರಸಾರ ಮಾಡುವ ಕಸುಬು ಅವಳದು. ದೊಡ್ಡ ಪಂದ್ಯಗಳಲ್ಲಿ ಇರುವಂಥ ಹತ್ತಾರು ಕ್ಯಾಮೆರಾ ಇಲ್ಲಿ ಎಲ್ಲಿ ಬರಬೇಕು? ಬೌಲರಿನ ಬೆನ್ನ ಹಿಂದೆ ಒಂದು ಮೊಬೈಲು, ಪಕ್ಕದಲ್ಲಿ ಒಂದು ಮೊಬೈಲು, ನನ್ನ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು. ಚೆಂಡು ಬಂದ ದಾರಿಯನ್ನು ಅದು ಹಿಡಿದುಕೊಂಡು, ಕಾಲು ಅಡ್ಡ ಬಾರದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು ಎಂದು ಕೆಂಪು ಗೆರೆ ಎಳೆದು ತೋರಿಸುತ್ತದೆ. ಅಂಪೈರು ಹೇಳಿದ್ದು ಒಪ್ಪಿಗೆಯಾಗದ ಕ್ಯಾಪ್ಟನ್ನು ಎರಡು ಸಲ ಯಂತ್ರವನ್ನು ಕೇಳಬಹುದು ಎಂದು ಕಮಿಟಿಯವರು ನಿಯಮ ಮಾಡಿದರು. ಇದೆಲ್ಲ ಮಚ್ಛೇಂದ್ರನಿಗಾಗಿಯೇ ಎಂದು ಮೈದಾನದ ನಾಯಿಗೂ ಗೊತ್ತಿತ್ತು.

ಮೊದಲ ದಿನವೇ ಅವನ ಮೂರು ನಾಟೌಟ್ ಉರುಳಿದವು. ಜನ ಕೇಕೆ ಹಾಕಿ ನಕ್ಕರು. ಅವನು ಚಹಾದ ವೇಳೆಗೆ ಬಂದಾಗ ಮೋರೆ ನೋಡಲಾರದೆ ಪುಸ್ತಕದಲ್ಲಿ ತಲೆ ಹುದುಗಿಸಿದೆ. ಅವನು ಸೀದಾ ಪೂನಮಳ ಹಿಂದೆ ಹೋಗಿ ನಿಂತ.

“ಆಗಿಂದು ಇನ್ನೊಮ್ಮಿ ತೋರ್ಸವ್ವಾ,” ಎಂದ.

ಅವಳು ತೋರಿಸಿದಳು. ಪರದೆಯ ಮೇಲೆ ಮ್ಯಾಟು, ಮೂರು ಸ್ಟಂಪು, ಚೆಂಡು, ಅದರ ಹಿಂದೆ ಕೆಂಪು ಗೆರೆ. ಬೇರೇನೂ ಇಲ್ಲ.

“ಬ್ಯಾಟ್ಸ್‌ಮನ್ ಎಲ್ಲಿ?” ಎಂದು ಕೇಳಿದ.

“ಅವನ್ನ ತೆಗೀತದ್ರಿ ಕಾಕಾ. ಅವ ಅಲ್ಲೇ ನಿಂತ್ರ ಚೆಂಡು ಸ್ಟಂಪಿಗಿ ಹೋಗೂದು ಹ್ಯಾಂಗ ಕಾಣ್ಬೇಕು?”

ಮಚ್ಛೇಂದ್ರ ಬಗ್ಗಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. “ಯಾರೂ ಇಲ್ಲ ನೋಡೋ ನಂದ್ಯಾ,” ಎಂದ. “ಖಾಲಿ ಅದ.” ಒಂಬತ್ತು ವರ್ಷದಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆ ನಗೆ ನನಗೆ ಸೇರಲಿಲ್ಲ. ಮನೆ ಖಾಲಿಯಾಯಿತೆಂದು ಸಂತೋಷಪಡುವವನ ನಗೆ ಅದು.

ಪಂದ್ಯಾವಳಿ ಮುಗಿಯುವ ದಿನ ಅವನು ಪೂನಮಳನ್ನು ಕೇಳಿದ: ಹದಿಮೂರು ವರ್ಷದ ಹಿಂದಿನ ಚೆಂಡನ್ನು ಇದರಲ್ಲಿ ಹಾಕಲು ಬರುತ್ತದೆಯೇ? ಬೀದರಿನ ಆ ಪಂದ್ಯವನ್ನು ಕೇಬಲ್ ಟಿವಿಯವರಿಗಾಗಿ ಚಿತ್ರಿಸಿದವನು ಅವಳ ಅಪ್ಪ ಕೈಲಾಶನೇ. ಬೌಲರಿನ ಹಿಂದೆ ಗಡಿಯ ಗೆರೆಯ ಆಚೆ ಒಂದು ಟೆಂಪೊ ನಿಲ್ಲಿಸಿ, ಅದರ ತಲೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದ. ಕ್ಯಾಸೆಟ್ಟುಗಳನ್ನು ಪೂನಮ ಕಂಪ್ಯೂಟರಿಗೆ ಹಾಕಿ ಇಟ್ಟಿದ್ದಳು.

“ಆಗ್ತದ್ರಿ, ಆದ್ರ ಒಂದೇ ಕ್ಯಾಮೆರಾ,” ಎಂದಳು. “ಒಂದೊಂದು ಚಿತ್ರದಾಗ ಚೆಂಡು ಎಲ್ಲಿ ಅದ ಅಂತ ನಾನೇ ಗುರುತು ಮಾಡ್ಬೇಕು. ಪಕ್ಕಾ ಅಂತ ಹೇಳಂಗಿಲ್ಲ, ಅಂದಾಜು.”

“ಅಂದಾಜೇ ಇರ್ಲಿ. ನನ್ನ ಕಡಿ ಅಷ್ಟೂ ಇಲ್ಲ.”

ಈ ಮಾತು ಆಗ ನನಗೆ ತಿಳಿಯಲಿಲ್ಲ. ವಿನಯಕ್ಕೆ ಹೇಳಿದ ಅಂದುಕೊಂಡೆ. ಅವನಿಗೆ ಬೇಕಾದದ್ದು ಏನೆಂದು ಮಾತ್ರ ನನಗೆ ಸ್ಪಷ್ಟವಿತ್ತು. ತಾಯಿಯ ಪ್ರಶ್ನೆಗೆ ತಾನು ಕೊಟ್ಟ ಉತ್ತರ ನಿಜವೋ ಸುಳ್ಳೋ ಗೊತ್ತಾಗಬೇಕು. ನಿಜವಾದರೆ ಹುಡುಗ ತನ್ನ ಕ್ರೀಸು ಬಿಟ್ಟು ಹೋಗುತ್ತಾನೆ ಎಂದು ಅವನ ನಂಬಿಕೆ. ಸುಳ್ಳಾದರೆ ಏನು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಎರಡು ವಾರ ಬಿಟ್ಟು ಅವಳು ಕರೆದಳು. ಕಮಲನಗರದಲ್ಲಿ ಬಸ್ಸು ಬದಲಿಸಿ ಔರಾದಿಗೆ ಹೋದೆವು. ಸ್ಟುಡಿಯೊದ ಒಳಕೋಣೆಯಲ್ಲಿ ಪೂನಮ ಮೊದಲು ಹಳೆಯ ಚಿತ್ರವನ್ನೇ ಓಡಿಸಿದಳು. ಮಸುಕು ಮಸುಕಾಗಿತ್ತು, ಆದರೂ ಎಲ್ಲ ಇತ್ತು. ದೂರದಲ್ಲಿ ರಿಜ್ವಾನ ಬ್ಯಾಟಿನಿಂದ ಮ್ಯಾಟನ್ನು ಎರಡು ಸಲ ತಟ್ಟಿ, ಭುಜದಿಂದ ಬೆವರು ಒರೆಸಿಕೊಂಡು ನಿಂತ. ಹತ್ತಿರದಲ್ಲಿ ಬಿಳಿ ಕೋಟಿನ ಬೆನ್ನು, ಟೋಪಿ. ಬೌಲರು ಓಡಿ ಬಂದು ಟೋಪಿಯ ಪಕ್ಕದಿಂದ ಹಾದ. ಆಗ ಟೋಪಿ ಬಗ್ಗಿತು. ಬೆನ್ನು ಸಹ ಬಗ್ಗಿತು. ಚೆಂಡು ಹೊರಟು, ನೆಲಕ್ಕೆ ಬಿದ್ದು, ಎದ್ದು, ಹಸಿರು ತೇಪೆಗೆ ಬಡಿಯಿತು. ಆ ಹೊತ್ತಿಗೂ ಟೋಪಿ ನೆಲವನ್ನೇ ನೋಡುತ್ತಿತ್ತು. ಎಲ್ಲರ ಕೈ ಮೇಲೆದ್ದ ಮೇಲೆ ಟೋಪಿ ಮೇಲೆದ್ದಿತು. ಮತ್ತೆ ಸ್ವಲ್ಪ ಹೊತ್ತಿಗೆ ಬೆರಳು.

ಪೂನಮ ನಮ್ಮ ಕಡೆ ತಿರುಗಲಿಲ್ಲ. ಅವಳು ಆ ಚೆಂಡನ್ನು ಒಂದೊಂದೇ ಚಿತ್ರವಾಗಿ ನೋಡಿದವಳು, ಬಗ್ಗಿದ ಟೋಪಿ ಅವಳಿಗೆ ನಮಗಿಂತ ಮೊದಲೇ ಕಂಡಿತ್ತು. ಆಮೇಲೆ ಯಂತ್ರದ ಚಿತ್ರ ಹಾಕಿದಳು. ಮ್ಯಾಟು, ಸ್ಟಂಪು, ಚೆಂಡು. ಕೆಂಪು ಗೆರೆ ಹೋಗಿ ಎಡಗಡೆಯ ಸ್ಟಂಪಿನ ನೆತ್ತಿಗೆ ಬಡಿಯಿತು.

“ಔಟ್ ತೋರಸ್ತದ್ರಿ ಕಾಕಾ,” ಎಂದಳು ಪೂನಮ. “ಆದ್ರ ನಾ ಅಂದೆನಲ್ಲ, ಅಂದಾಜು.”

“ಔಟ್ ಅಂದ್ರ ಔಟು,” ಎಂದ ಮಚ್ಛೇಂದ್ರ. “ಇದೊಂದ ನನ್ನ ಮೊಬೈಲಿಗಿ ಹಾಕವ್ವಾ. ಹಳೇದು ಬ್ಯಾಡ.”

ಅವನು ಹೊರಗೆ ಹೋದಮೇಲೆ ಪೂನಮ ನನಗೆ ಹೇಳಿದಳು: “ಎರಡೂ ಹಾಕೀನ್ರಿ ಕಾಕಾ. ಬ್ಯಾಡಾದ್ರ ಅವ್ರೇ ಅಳಸ್ಲಿ.”

ಮರಳುವಾಗ ಬಸ್ಸಿನಲ್ಲಿ ಕಮಲನಗರ ದಾಟುವ ತನಕ ನಾನು ಬಾಯಿ ಬಿಡಲಿಲ್ಲ. ಬಿಟ್ಟಾಗ ಮುಂದಿನ ಸೀಟಿನವರು ತಿರುಗಿ ನೋಡಿದರು. “ನೀ ನೋಡೇ ಇಲ್ಲೇನೋ ಹಲ್ಕಟ್?” ಎಂದೆ.

“ಮೊಳಿ ಕಿತ್ತಿತ್ತೋ,” ಎಂದ. “ಬೌಲರ್ ಕಾಲು ಇಟ್ಟ ಕೂಡ್ಲೆ ನನ್ನ ಬೂಟಿನ ಬುಡಕಿಂದ ಎದ್ದು ಬಂತು. ಅವನ ಕಾಲಿಗಿ ಚುಚ್ಚೀತು ಅಂತ ಬಗ್ಗಿದೆ. ತಲಿ ಎತ್ತೂದ್ರಾಗ ಎಲ್ಲಾರೂ ಕೂಗ್ಲಿಕತ್ತಿದ್ರು.”

“ನೋಡಿಲ್ಲ ಅಂತ ಹೇಳ್ಬೇಕಿತ್ತು. ನೋಡದಿದ್ರ ನಾಟೌಟ್. ನೀನೇ ಎಲ್ಲಾರಿಗೂ ಪಾಠ ಹೇಳ್ತಿದ್ದಿ.”

“ಹೆಂಗ ಹೇಳ್ಲಿ? ಆ ಮೂವರು ಕೂತಿದ್ರು. ಪರೀಕ್ಷಾ ಪಾಸಾಗಿ ಬಂದ ಅಂಪೈರು ಚೆಂಡೇ ನೋಡಿಲ್ಲ ಅಂದ್ರ ನನಗ ಇನ್ನೊಮ್ಮಿ ಯಾರು ನಿಲ್ಲಸ್ತಿದ್ರು? ನನ್ನಂಥಾವ್ರಿಗಿ ಒಂದೇ ತಪ್ಪಿಗಿ ಜಾಗಾ ಇರ್ತದ ನಂದ್ಯಾ. ನಿಮಗ ಹತ್ತು ತಪ್ಪಿಗಿ.”

ಅವನ ಅಪ್ಪನ ಚಪ್ಪಲಿಯ ಕಥೆಯನ್ನು ಹತ್ತು ಜನರ ಮುಂದೆ ಮೆಚ್ಚಿ ಹೇಳುತ್ತಿದ್ದ ನಾನು, ಆ ಬೆರಳು ಎಷ್ಟು ಹೆದರಿಕೊಂಡು ಮೇಲೇಳುತ್ತಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಆದರೂ ಸಿಟ್ಟು ಇಳಿಯಲಿಲ್ಲ, ಎರಡೂ ಒಟ್ಟಿಗೇ ಇದ್ದವು. ಅವನಂತೂ ಮೊಬೈಲು ತೆಗೆದು ಕೆಂಪು ಗೆರೆಯನ್ನು ಮತ್ತೆ ಮತ್ತೆ ಓಡಿಸುತ್ತಿದ್ದ. “ಹೆಂಗ ಕೊಟ್ಟೆ ಅದು ಬ್ಯಾರೆ ಮಾತು. ಕೊಟ್ಟಿದ್ದು ಬರಾಬರ್ ಅದ. ನಾಳಿಗಿ ಆಪಾನ ಮನಿಗಿ ಹೋಗಿ ತೋರಸ್ತೇನಿ,” ಎಂದ.

ಮರುದಿನ ಮಧ್ಯಾಹ್ನ ಬೀದರಿಗೆ ಹೋದೆವು. ಹಮೀದುನ್ನಿಸಾ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಇದ್ದಳು. ಸುತ್ತ ಕೆಂಪು, ಹಸಿರು ರೆಕ್ಸಿನ್ನಿನ ತುಂಡುಗಳು. ಕೂದಲು ಪೂರ್ತಿ ಬಿಳಿಯಾಗಿತ್ತು. ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಬರ್ರಿ ಮಾಸ್ತರ,” ಎಂದಳು. “ಭಾಳ ದಿನಕ್ಕ ಬಂದ್ರಿ.”

ಕೂತವನೇ ಮಚ್ಛೇಂದ್ರ ಗಡಿಬಿಡಿಯಲ್ಲಿ ಒಪ್ಪಿಸತೊಡಗಿದ. “ಆಪಾ, ನೀವು ಒಂದು ಮಾತು ಕೇಳಿದ್ರಿ. ಅವಾಗ ನಾ ಹೇಳೀನಿ, ಆದ್ರ ಸಬೂತು ಇರಲಿಲ್ಲ. ಈಗ ಅದ. ನಾ ಹೇಳೂದಲ್ಲ, ಮಶೀನು ಹೇಳ್ತದ. ರಿಜ್ವಾನ ಔಟ್ ಇದ್ದ. ನೋಡ್ರಿ ಇಲ್ಲಿ.”

ಹಮೀದುನ್ನಿಸಾ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು ಮೊಬೈಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೆಂಪು ಗೆರೆ ಓಡಿತು. ಅವಳು ಮೊಬೈಲನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಇನ್ನೊಮ್ಮೆ ಹಾಕು ಎಂದಳು. ಅವನು ಹಾಕಿದ.

“ಇದರಾಗ ನನ್ನ ಮಗಾ ಎಲ್ಲಿ ಅದಾನ್ರಿ?”

“ಅವನ್ನ ತೆಗ್ದಾರ್ರಿ ಆಪಾ. ಚೆಂಡು ಎಲ್ಲಿಗಿ ಹೋಗ್ತದ ಅಂತ ಕಾಣ್ಬೇಕಲ್ರಿ, ಅದಕ್ಕ.”

“ತೆಗ್ದಾರ?” ಎಂದಳು. ಸ್ವಲ್ಪ ಹೊತ್ತು ಆ ಖಾಲಿ ಮ್ಯಾಟನ್ನೇ ನೋಡಿದಳು. “ನಾ ಅವನ ಆಟಾ ಒಮ್ಮಿನೂ ನೋಡಿಲ್ರಿ ಮಾಸ್ತರ. ಮೈದಾನಕ್ಕ ನಾವು ಎಲ್ಲಿ ಬರ್ತಿದ್ವಿ. ಶಾದಿ ಮನ್ಯಾಗ ನಿಂತ ಫೋಟೊ ಅದ, ರೇಷನ್ ಕಾರ್ಡಿನ ಫೋಟೊ ಅದ. ಆಡೂದು ಒಂದೂ ಇಲ್ಲ. ನೀವು ಮೊಬೈಲ್ ತೆಗ್ದ ಕೂಡ್ಲೆ, ಇವತ್ತ ನೋಡ್ತೀನಿ ಅಂದ್ಕೊಂಡೆ.”

ಮೊಬೈಲನ್ನು ಮಚ್ಛೇಂದ್ರನಿಗೆ ಮರಳಿಸಿ ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಎರಡನೆಯ ಚಿತ್ರವನ್ನು ಅವನು ಅಳಿಸಿರಬೇಕು ಎಂದು ನನ್ನ ಲೆಕ್ಕ. ಅವನು ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಗಲ್ಲಿಯಲ್ಲಿ ಒಂದು ಆಟೋ ಹೋಯಿತು. ಆಮೇಲೆ “ಇನ್ನೊಂದು ಅದ ಆಪಾ,” ಎಂದ. “ಅದರಾಗ ಅವ ಅದಾನ.”

ಅದನ್ನು ಹಾಕಿ ಅವಳ ಕೈಗೆ ಕೊಟ್ಟ. ರಿಜ್ವಾನ ಮ್ಯಾಟು ತಟ್ಟಿದ, ಭುಜದಿಂದ ಬೆವರು ಒರೆಸಿದ. ಹಮೀದುನ್ನಿಸಾಳ ಬಾಯಿಂದ ಸಣ್ಣದೊಂದು ಸದ್ದು ಬಂತು. ಮುಗಿಯಿತು. ಮತ್ತೆ ಹಾಕಿದ. ಮತ್ತೆ. ಎಷ್ಟು ಸಲ ನೋಡಿದಳೋ ನಾನು ಎಣಿಸಲಿಲ್ಲ. “ಎಷ್ಟು ಎತ್ರ ಕಾಣ್ತಾನ” ಎಂದಳು. “ಬೆವರು ಹಂಗೇ ಒರಸ್ತಿದ್ದ, ಮನ್ಯಾಗೂ. ಬೈತಿದ್ದೆ ನಾ.” ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. ನಾವಿಬ್ಬರು ಅಲ್ಲಿ ಇದ್ದೇವೆಂಬುದೇ ಅವಳಿಗೆ ಮರೆತಂತಿತ್ತು. ಹೀಗೇ ಮುಗಿಯಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ.

ಅವಳು ಕನ್ನಡಕ ಸರಿಮಾಡಿಕೊಂಡು ಬೆರಳು ತೋರಿಸಿದಳು. “ಇವ್ರು ಯಾರ್ರಿ, ತಲಿ ಬಗ್ಗಿಸಿ ನಿಂತವ್ರು?”

“ನಾನ್ರಿ,” ಎಂದ ಮಚ್ಛೇಂದ್ರ.

ಅವಳು ಇನ್ನೊಮ್ಮೆ ಓಡಿಸಲು ಹೇಳಿದಳು. ಈ ಸಲ ಮಗನನ್ನು ನೋಡಲಿಲ್ಲ.

“ಚೆಂಡು ನೀವು ನೋಡ್ಲಿಲ್ಲ.”

“ಇಲ್ರಿ ಆಪಾ. ಮ್ಯಾಟಿನ ಮೊಳಿ ಕಿತ್ತಿತ್ತು. ಅದನ್ನ ನೋಡ್ಲಿಕತ್ತಿದ್ದೆ.”

“ಮತ್ತ ಬೊಟ್ಟ ಯಾಕ ಎತ್ತಿದ್ರಿ?”

ಅವನು ಬಸ್ಸಿನಲ್ಲಿ ನನಗೆ ಕೊಟ್ಟ ಕಾರಣವನ್ನು ಅವಳಿಗೆ ಹೇಳಲಿಲ್ಲ. “ಎಲ್ಲಾರೂ ಕೂಗಿದ್ರು,” ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ನಡುವೆ ಬಂದು ಏನಾದರೂ ಹೇಳುತ್ತಿದ್ದೆ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ತನ್ನ ಮೊಬೈಲು ತಂದು, ಆ ಚಿತ್ರವನ್ನು ಅದಕ್ಕೆ ಹಾಕಿಕೊಡಿ ಎಂದಳು. ಮಚ್ಛೇಂದ್ರ ತನ್ನ ಮೊಬೈಲನ್ನು ನನ್ನ ಕಡೆ ಚಾಚಿದ, ನಾನು ಹಾಕಿಕೊಟ್ಟೆ. ಚಹಾ ಕುಡಿದು ಹೋಗಿ ಎಂದಳು, ಬೇಡ ಎಂದೆವು. ಬಾಗಿಲ ತನಕ ಬಂದವಳು ಅವನನ್ನು ನಿಲ್ಲಿಸಿದಳು.

“ಮಾಸ್ತರ, ಒಂದು ಕೇಳ್ತೇನಿ.” ದನಿಯಲ್ಲಿ ಸಿಟ್ಟಿರಲಿಲ್ಲ. ಸೀಟಿನ ಕವರಿಗೆ ಅಳತೆ ಕೇಳುವವಳಂತೆ ಕೇಳಿದಳು. “ಅದರಾಗ ನನ್ನ ಮಗನ್ನ ತೆಗ್ದಾರಲ್ರಿ. ಹಂಗ ಇದರಾಗಿಂದ ನಿಮ್ಮನ್ನ ತೆಗೀಲಿಕ್ಕ ಬರ್ತದೇನ್ರಿ?”

“ಬರ್ತದ್ರಿ ಆಪಾ,” ಎಂದ ಮಚ್ಛೇಂದ್ರ. “ನಾಳಿಗೇ ಔರಾದಿಗಿ ಹೋಗಿ ತೆಗಸ್ಕೊಂಡು ಬರ್ತೇನಿ.”